ಚಪ್ಪರ ಕಲಿಸುವ ಮರ್ಯಾದೆ

ವಸಂತವಲ್ಲಭರಾಯಸ್ವಾಮಿಯ ದೇಗುಲದಿಂದ ಹೆಸರಾದ ವಸಂತಪುರ ಈಗ ಹಳ್ಳಿಯಾಗಿ ಉಳಿದಿಲ್ಲ. ಬೆಂಗಳೂರಿನ ಒಂದು ಬಡಾವಣೆಯಾಗಿದೆ. ಸಮೀಪದ ಕನಕಪುರ ರಸ್ತೆಯಲ್ಲಿ 2021ರ ಜನವರಿಯಿಂದ ಮೆಟ್ರೊ ಕೂಡ ಓಡುತ್ತಿದೆ. ನೆಲದ ಬೆಲೆ ಏರಿದಂತೆ ಇಂತಹ ಊರುಗಳ ಹಳೆಯ ತೊಟ್ಟಿಮನೆಗಳಿಗೆ ಎರಡೇ ಗತಿ: ನೆಲಸಮವಾಗುವುದು, ಇಲ್ಲವೆ ಮದುವೆ, ಸಭೆಗಳಿಗೆ ಬಾಡಿಗೆಯ ತಾಣವಾಗುವುದು. ಎರಡನೆಯದೇ ಲೇಸು. ಆದರೆ ಮನೆ ಉಳಿಯುವುದೋ ಅದರ ಕಂಬಗಳು ಮಾತ್ರ ಉಳಿಯುವುವೋ ಎಂಬುದು ಪರಿವರ್ತನೆಯ ರೀತಿಯನ್ನು ಅವಲಂಬಿಸಿದೆ.

ತೊಟ್ಟಿಮನೆಗೆ ಸಮಾರಂಭ ಹೊಸತೇನಲ್ಲ. ಹಿಂದೆ ಮದುವೆಗಳು ಮನೆಯಲ್ಲಿಯೇ ನಡೆಯುತ್ತಿದ್ದವು. ನೆಂಟರು ಹೆಚ್ಚಾದರೆ ಗೋಡೆಯನ್ನು ಒಡೆಯುತ್ತಿರಲಿಲ್ಲ. ಅಂಗಳದಲ್ಲಿ ತೆಂಗಿನ ಗರಿಯ ಚಪ್ಪರ ಏಳುತ್ತಿತ್ತು. ಕಾರ್ಯ ಮುಗಿದ ಮೇಲೆ ಚಪ್ಪರ ಇಳಿಯುತ್ತಿತ್ತು, ಮನೆ ಮೊದಲಿನಂತೆಯೇ ಇರುತ್ತಿತ್ತು.

ಇಂದಿನ ನವೀಕರಣ ಈ ವಿವೇಕವನ್ನು ಮರೆತಿದೆ. ಹವಾನಿಯಂತ್ರಣಕ್ಕಾಗಿ ತೊಟ್ಟಿಗೆ ಗಾಜು ಮುಚ್ಚಿದರೆ ಗಾಳಿಯ ದಾರಿಯೇ ಕಟ್ಟಿಹೋಗುತ್ತದೆ. ಮಣ್ಣಿನ ಗೋಡೆಗೆ ಸುಣ್ಣದ ಗಾರೆಯ ಬದಲು ಸಿಮೆಂಟು ಬಳಿದರೆ ತೇವ ಹೊರಹೋಗದೆ ಗೋಡೆ ಒಳಗಿನಿಂದ ಸಡಿಲಗೊಳ್ಳುತ್ತದೆ. ಹೊಳಪಿಗಾಗಿ ಮಾಡಿದ ವೆಚ್ಚವೇ ಹಾನಿಗೆ ಕಾರಣವಾಗುತ್ತದೆ.

ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಅಳಿಯಲಿದ್ದ ಮನೆಗಳನ್ನು ಕಳಚಿ ತಂದು ಮರಳಿ ಕಟ್ಟಿಸಿದರು. ಬೇರೆ ದಾರಿಯಿಲ್ಲದಾಗ ಅದು ದೊಡ್ಡ ಉಪಕಾರವೇ. ಆದರೆ ಮೂಡುಬಿದಿರೆಯಲ್ಲಿ ಜೈನ ಅರಸುಮನೆತನದ ಚೌಟರ ಅರಮನೆಯ ಕಂಬಗಳನ್ನು ಕಂಡವರಿಗೆ ವ್ಯತ್ಯಾಸ ತಿಳಿಯುತ್ತದೆ. ನವನಾರೀಕುಂಜರ, ಪಂಚನಾರೀತುರಗಗಳ ಆ ಕೆತ್ತನೆ ತನ್ನ ಊರಿನಲ್ಲಿ, ತನ್ನದೇ ಮಾಡಿನಡಿಯಲ್ಲಿ ನಿಂತಿರುವುದರಿಂದಲೇ ಇತಿಹಾಸವಾಗಿ ಮಾತನಾಡುತ್ತದೆ. ಅದೇ ಕಂಬ ಬೇರೆಲ್ಲೋ ಛಾಯಾಚಿತ್ರದ ಹಿನ್ನೆಲೆಯಾದರೆ ಬರಿಯ ಅಲಂಕಾರವಾಗುತ್ತದೆ.

ಆದಾಯವಿಲ್ಲದೆ ಹೆಂಚು ಕೈಯಾಡಿಸುವುದಾದರೂ ಹೇಗೆ ಎಂಬ ಒಡೆಯರ ಪ್ರಶ್ನೆ ನ್ಯಾಯವಾದುದು. 1958ರ ಕೇಂದ್ರ ಸ್ಮಾರಕ ಕಾಯ್ದೆಯ ರಕ್ಷಣೆ ಇಂತಹ ಸಾಮಾನ್ಯ ಮನೆಗಳನ್ನು ಬಹುಮಟ್ಟಿಗೆ ಮುಟ್ಟುವುದಿಲ್ಲ; ಹೊಣೆಯೆಲ್ಲ ಅವರದೇ. ಆದುದರಿಂದ ಬಾಡಿಗೆ ಬರಲಿ, ಅದರ ಒಂದು ಪಾಲು ಪ್ರತಿ ಮಳೆಗಾಲಕ್ಕೆ ಮುನ್ನ ಮಾಡಿನ ದುರಸ್ತಿಗೆ ಸಲ್ಲಲಿ. ಅಡುಗೆಮನೆ, ಶೌಚಾಲಯ, ಜನರೇಟರುಗಳು ಹಿತ್ತಿಲಿನಲ್ಲಿ ಪ್ರತ್ಯೇಕವಾಗಿರಲಿ. ಅತಿಥಿಗಳ ಸಂಖ್ಯೆಯನ್ನು ಮನೆಯ ಅಳತೆ ನಿರ್ಧರಿಸಲಿ, ಹೆಚ್ಚಿನವರಿಗೆ ಚಪ್ಪರವಿದೆ.

ಪರಿವರ್ತನೆ ಸರಿಯೇ ಎಂದು ತಿಳಿಯಲು ಒಂದು ಪರೀಕ್ಷೆ ಸಾಕು. ಸಮಾರಂಭದ ಮರುದಿನ ತಂದ ವಸ್ತುಗಳನ್ನೆಲ್ಲ ಹೊರಗೆ ಸಾಗಿಸಿದಾಗ, ಆ ಮನೆಯಲ್ಲಿ ಮತ್ತೆ ಒಂದು ಕುಟುಂಬ ಬಾಳಲು ಸಾಧ್ಯವಿರಬೇಕು.