ಆಸ್ಪತ್ರೆ ಯಾರ ಹೊಲ? ಮುದುಕಿ ಯಾರ ಕಳೆ?

ನಮ್ಮ ಕೇರಿಗೆ ಹೊಸದೊಂದು ಮಂತ್ರ ಬಂದಿದೆ. ಹಿಂದೆ ನಾವು ಮಂತ್ರ ಕೇಳಿಸಿಕೊಂಡರೆ ಕಿವಿಗೆ ಕಾದ ಸೀಸ ಹುಯ್ಯಬೇಕೆಂದು ಬರೆದಿಟ್ಟಿದ್ದರು. ಈ ಮಂತ್ರವನ್ನು ಮಾತ್ರ ಅವರೇ ಮನೆ ಬಾಗಿಲಿಗೆ ಬಂದು, ಕಿವಿ ಹಿಡಿದು ಹೇಳಿಕೊಡುತ್ತಿದ್ದಾರೆ. ಮಂತ್ರದ ಹೆಸರು ಹೂಡಿಕೆ.

ನಾನು ಓದಿದ ಕಾಲೇಜಿನಲ್ಲಿ ಒಂದು ದಿನದ ಶಿಬಿರ ನಡೆಯಿತು. ಟೈ ಕಟ್ಟಿಕೊಂಡ ಯುವಕನೊಬ್ಬ ಬಂದಿದ್ದ. ನನ್ನ ವಯಸ್ಸಿನವನೇ. "ಇಪ್ಪತ್ತೈದಕ್ಕೆ ಶುರು ಮಾಡಿ, ತಿಂಗಳಿಗೆ ಎರಡೇ ಸಾವಿರ ಹಾಕಿ, ಅರವತ್ತಕ್ಕೆ ಕೋಟ್ಯಧೀಶರಾಗ್ತೀರಿ" ಅಂದ. ಯಾವ ಧಂದೆಯಲ್ಲಿ ದುಡ್ಡು ಬೆಳೆಯುತ್ತೆ ಅಂತ ಪಟ್ಟಿ ತೋರಿಸಿದ. ಮೊದಲ ಸಾಲಿನಲ್ಲೇ ಆಸ್ಪತ್ರೆ ಇತ್ತು. ಕಾರಣವನ್ನೂ ಹೇಳಿದ: "ದೇಶಕ್ಕೆ ವಯಸ್ಸಾಗ್ತಾ ಇದೆ. ವಯಸ್ಸಾದವರಿಗೆ ಕಾಯಿಲೆ ಜಾಸ್ತಿ. ಆದ್ದರಿಂದ ಆಸ್ಪತ್ರೆ ಷೇರು ಒಳ್ಳೆಯ ಅವಕಾಶ." ಎಲ್ಲರೂ ಬರೆದುಕೊಂಡರು. ಸುಳ್ಳು ಯಾಕೆ ಹೇಳಲಿ, ನಾನೂ ಬರೆದುಕೊಂಡೆ.

ಆ ಮಾತಿನ ಅರ್ಥ ನನಗೆ ಆದದ್ದು ಮೂರು ತಿಂಗಳ ಮೇಲೆ, ನಮ್ಮಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಾಗ.

ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ತೊಡೆಯ ಮೇಲ್ತುದಿಯ ಮೂಳೆ ಮುರಿದಿತ್ತು. ಅಲ್ಲಿ ಮೂಳೆ ಡಾಕ್ಟರಿರಲಿಲ್ಲ. ಚೀಟಿ ಬರೆದು ಜಿಲ್ಲಾ ಕೇಂದ್ರಕ್ಕೆ ಕಳಿಸಿದರು. ಅಲ್ಲಿಂದ ಮತ್ತೊಂದು ಚೀಟಿ, ಒಂದು ಖಾಸಗಿ ಆಸ್ಪತ್ರೆಗೆ. ಬಿಪಿಎಲ್ ಕಾರ್ಡಿನವರಿಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂಬ ಸರ್ಕಾರದ ಬೋರ್ಡು ಆ ಆಸ್ಪತ್ರೆಯ ಬಾಗಿಲಲ್ಲೇ ಇತ್ತು. ಒಳಗಿದ್ದ ಡಾಕ್ಟರು ಅಜ್ಜಿಯ ಮುಖವನ್ನು ಒಂದು ಸಲ ನೋಡಿದರು. ರಕ್ತ ನೋಡಲಿಲ್ಲ, ಎದೆ ನೋಡಲಿಲ್ಲ, ಅರಿವಳಿಕೆ ಡಾಕ್ಟರನ್ನು ಕರೆಸಲಿಲ್ಲ. "ವಯಸ್ಸಾಗಿದೆ. ಆಪರೇಷನ್ ತಡಕೊಳ್ಳಲ್ಲ. ಮನೇಲಿ ಮಲಗಿಸಿ ನೋಡ್ಕೊಳ್ಳಿ" ಅಂದರು. ಕೆಳಗಿನ ಕೌಂಟರಿನವನು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ: "ಕಾರ್ಡಿನ ಬೆಡ್ಡು ಖಾಲಿ ಇಲ್ಲ. ಕ್ಯಾಶ್ ಆದ್ರೆ ಎರಡು ಲಕ್ಷ ಕಟ್ಟಿ, ಡಾಕ್ಟರನ್ನ ಇನ್ನೊಂದು ಸಲ ಕೇಳಿ ನೋಡ್ತೀನಿ."

ಎರಡು ಲಕ್ಷಕ್ಕೆ ಅಜ್ಜಿಯ ವಯಸ್ಸು ಕಮ್ಮಿಯಾಗುತ್ತಿತ್ತು!

ಅದೇ ವಾರ, ಅದೇ ಆಸ್ಪತ್ರೆಯಲ್ಲಿ, ನಮ್ಮೂರ ಗೌಡರ ತಾಯಿಗೆ ಅದೇ ಮೂಳೆಗೆ ಆಪರೇಷನ್ ಆಯಿತು. ಅವರಿಗೆ 84. ಮೂರನೇ ದಿನ ವಾಕರ್ ಹಿಡಿದು ನಿಂತರು. ಆ ಅಮ್ಮ ಎದ್ದು ನಡೆದದ್ದು ನನಗೆ ಸಂತೋಷವೇ. ಮುಪ್ಪಿನಲ್ಲಿ ಮೂಳೆ ಮುರಿದರೆ ಹೀಗೇ ಮಾಡಬೇಕು ಎಂದು ವೈದ್ಯಶಾಸ್ತ್ರವೇ ಹೇಳುತ್ತದೆ. ಬೇಗ ಆಪರೇಷನ್ ಮಾಡಬೇಕು, ಬೇಗ ಎಬ್ಬಿಸಿ ನಿಲ್ಲಿಸಬೇಕು. ಮಲಗಿಸಿಬಿಟ್ಟರೆ ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹಾಗಾದರೆ 84ಕ್ಕೆ ತಡೆದ ಆಪರೇಷನ್ನು ನಮ್ಮಜ್ಜಿಗೆ ಯಾಕೆ ತಡೆಯಲ್ಲ?

ನಮ್ಮಜ್ಜಿಯ ಕಾಗದದ ವಯಸ್ಸು ಕೇಳಿ: 63.

ಅದಕ್ಕೂ ಒಂದು ಕತೆ ಇದೆ. ಬೀಳುವುದಕ್ಕೆ ಸ್ವಲ್ಪ ಮುಂಚೆ ಅವಳನ್ನು ನಾಡಕಚೇರಿಗೆ ಕರಕೊಂಡು ಹೋಗಿದ್ದೆ, ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಲು. "ಆಧಾರ್ ಪ್ರಕಾರ 63, ಇದಕ್ಕೆ 65 ತುಂಬಬೇಕು" ಎಂದು ವಾಪಸ್ ಕಳಿಸಿದರು. ಆಧಾರಿನ ವಯಸ್ಸು ಬರೆದದ್ದು ಯಾರು? ಕ್ಯಾಮೆರಾ ಮುಂದೆ ಕೂರಿಸಿಕೊಂಡ ಒಬ್ಬ ಹುಡುಗ, ಮುಖ ನೋಡಿ ಅಂದಾಜಿಗೆ ಒಂದು ಇಸವಿ ಹಾಕಿದ. ತಾರೀಕು ಜನವರಿ 1. ನಮ್ಮ ಕೇರಿಯ ಮುದುಕ ಮುದುಕಿಯರೆಲ್ಲ ಹುಟ್ಟಿದ್ದು ಜನವರಿ 1ಕ್ಕೆ. ಮೇಷ್ಟ್ರು ಶಾಲೆಗೆ ಸೇರಿಸಿಕೊಂಡ ನಾವೆಲ್ಲ ಹುಟ್ಟಿದ್ದು ಜೂನ್ 1ಕ್ಕೆ. ಅಜ್ಜಿಯ ಲೆಕ್ಕದಲ್ಲಿ ಅವಳು ಎಪ್ಪತ್ತರ ಆಜುಬಾಜು. ಪುರಾವೆ ಕೇಳಿದ ಗುಮಾಸ್ತನಿಗೆ ಅವಳು ಅಂದಳು: "ನಾ ಹುಟ್ಟಿದ್ದ ಯಾರು ಬರ್ಕಂಡ್ರಪ್ಪ? ಗೌಡ್ರ ಮನೆ ದನ ಈದಿದ್ರೆ ಬರ್ಕತಿದ್ರು."

ಗೆಳೆಯರೇ, ಇದನ್ನು ಸರಿಯಾಗಿ ನೋಡಿ. ಕಚೇರಿಯಲ್ಲಿ ನಮ್ಮಜ್ಜಿಗೆ ವಯಸ್ಸು ಸಾಲದು. ಆಸ್ಪತ್ರೆಯಲ್ಲಿ ವಯಸ್ಸು ಮೀರಿದೆ. ಕೊಡಬೇಕಾದ ಕಡೆ ಹರೆಯದವಳು, ಉಳಿಸಬೇಕಾದ ಕಡೆ ಹಣ್ಣುಮುದುಕಿ. ನಾಟಿ ಹಾಕಿ, ಕಳೆ ಕಿತ್ತು, ಕಲ್ಲು ಹೊತ್ತು ನಲವತ್ತಕ್ಕೇ ಬಾಗಿದ ಬೆನ್ನನ್ನು ನೋಡಿ ಒಬ್ಬ ಅವಳನ್ನು ಮುದುಕಿ ಅಂದ. ಕಾಗದ ನೋಡಿ ಇನ್ನೊಬ್ಬ ಅಲ್ಲ ಅಂದ. ಮೈಯ ವಯಸ್ಸು, ಕಾಗದದ ವಯಸ್ಸು ಎರಡೂ ಅವಳಿಗೆ ವಿರುದ್ಧವಾಗಿಯೇ ಸಾಕ್ಷಿ ಹೇಳಿದವು.

ಇದು ಒಬ್ಬ ಡಾಕ್ಟರನ ಕಲ್ಲೆದೆಯ ವಿಷಯ ಎಂದುಕೊಂಡರೆ ನಾವು ಮೋಸಹೋದಂತೆ. ಆ ಟೈ ಕಟ್ಟಿದ ಯುವಕನ ಪಟ್ಟಿಯನ್ನು ಮತ್ತೆ ತೆಗೆಯೋಣ. 2000ದಲ್ಲೇ ಆಸ್ಪತ್ರೆಗಳಿಗೆ ನೂರಕ್ಕೆ ನೂರು ವಿದೇಶಿ ಬಂಡವಾಳ ಬರಲು ಬಾಗಿಲು ತೆರೆಯಿತು. 2023ರಲ್ಲಿ ಸಿಂಗಾಪುರ ಸರ್ಕಾರದ ಒಡೆತನದ ಟೆಮಾಸೆಕ್ ಎಂಬ ಹೂಡಿಕೆ ಸಂಸ್ಥೆ ನಮ್ಮ ಕರ್ನಾಟಕದಲ್ಲೇ ಬೆಳೆದ ಮಣಿಪಾಲ್ ಆಸ್ಪತ್ರೆಗಳ ಬಹುಪಾಲು, ಅಂದರೆ ನೂರರಲ್ಲಿ 59 ಪಾಲನ್ನು ತನ್ನದಾಗಿಸಿಕೊಂಡಿತು. ಅಮೆರಿಕದ ಹೂಡಿಕೆ ಕಂಪನಿಗಳು ಆಸ್ಪತ್ರೆ ಸರಪಳಿಗಳನ್ನು ಕೊಳ್ಳುತ್ತವೆ, ಬೆಲೆ ಏರಿದ ಮೇಲೆ ಮಾರಿ ಹೋಗುತ್ತವೆ. ದನದ ಜಾತ್ರೆಯಲ್ಲಿ ಹಲ್ಲು ನೋಡಿದ ಹಾಗೆ ಇವರು ಆಸ್ಪತ್ರೆಯ ಲೆಕ್ಕ ನೋಡುತ್ತಾರೆ. ಒಂದು ಹಾಸಿಗೆ ಒಂದು ದಿನಕ್ಕೆ ಎಷ್ಟು ದುಡಿಯಿತು? ಒಬ್ಬ ರೋಗಿ ಎಷ್ಟು ದಿನ ಹಾಸಿಗೆ ಹಿಡಿದ? ಈ ಎರಡು ಅಂಕಿ ಮೇಲೆ ಆ ಧಂದೆ ನಡೆಯುತ್ತದೆ.

ಈ ಲೆಕ್ಕದಲ್ಲಿ ಬಡವರ ಮನೆಯ ಮುದುಕಿ ಏನು? ಹೆಚ್ಚು ದಿನ ಮಲಗುವವಳು, ಕಡಿಮೆ ಕೊಡುವವಳು. ಅವಳ ಬಿಲ್ಲಿಗೆ ಸರ್ಕಾರ ದರ ಗೊತ್ತುಮಾಡಿದೆ, ಅದೂ ತಡವಾಗಿ ಬರುತ್ತದೆ. ಹಾಗಾಗಿ ಅವಳು ಆ ಹೊಲದ ಕಳೆ. ದುಡ್ಡಿರುವವರ ಮನೆಯ ಮುದುಕಿ ಅದೇ ಹೊಲದ ಬೆಳೆ. ದೇಶಕ್ಕೆ ವಯಸ್ಸಾಗುತ್ತಿದೆ ಎಂದ ಯುವಕ ಸುಳ್ಳು ಹೇಳಲಿಲ್ಲ. ದುಡ್ಡಿರುವ ಮುಪ್ಪು ಎಂದು ಬಿಡಿಸಿ ಹೇಳಲಿಲ್ಲ, ಅಷ್ಟೆ.

ವಿಮೆ ಇದೆಯಲ್ಲ ಅಂತೀರಿ. ಬಹಳ ಕಾಲ 65 ದಾಟಿದವರಿಗೆ ಹೊಸ ಆರೋಗ್ಯ ವಿಮೆ ಕೊಡಲ್ಲ ಎಂದು ಕಂಪನಿಗಳು ಬಾಗಿಲು ಹಾಕಬಹುದಿತ್ತು. 2024ರ ಏಪ್ರಿಲ್ 1ರಿಂದ ಆ ಮಿತಿ ಹೋಯಿತು. ಬಾಗಿಲು ತೆರೆಯಿತು, ಹೊಸ್ತಿಲು ಎತ್ತರವಾಯಿತು. ಮುದುಕರ ಕಂತನ್ನು ಎಷ್ಟು ಬೇಕಾದರೂ ಏರಿಸತೊಡಗಿದಾಗ, ವರ್ಷಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸುವ ಮುಂಚೆ ನಮ್ಮನ್ನು ಕೇಳಿ ಎಂದು 2025ರ ಜನವರಿಯಲ್ಲಿ ವಿಮಾ ಪ್ರಾಧಿಕಾರವೇ ಹೇಳಬೇಕಾಯಿತು. ಕೂಲಿಯವಳಿಗೆ ಮೊದಲ ಕಂತೇ ಕೈಗೆ ಎಟುಕದಿರುವಾಗ ಹತ್ತು ಏರಿದರೇನು, ಇಳಿದರೇನು?

2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ, ಬಡವ ಬಲ್ಲಿದ ಎನ್ನದೆ, 5 ಲಕ್ಷದ ಆಯುಷ್ಮಾನ್ ಕಾರ್ಡು ಎಂದು ಸಾರಿತು. ಎಲ್ಲರಿಗೂ ಸಮಾನ! ಆದರೆ ಎಪ್ಪತ್ತು ಮುಟ್ಟುವವರು ಯಾರು? 2022ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ನಮ್ಮ ದೇಶದ ಒಂಬತ್ತು ರಾಜ್ಯಗಳ ಲೆಕ್ಕ ಅದು, ಕರ್ನಾಟಕ ಅದರಲ್ಲಿಲ್ಲ. ಮೇಲ್ಜಾತಿ ಹಿಂದೂಗಳಿಗಿಂತ ದಲಿತರ ಆಯಸ್ಸು ಮೂರು ವರ್ಷಕ್ಕೂ ಹೆಚ್ಚು ಕಮ್ಮಿ, ಆದಿವಾಸಿಗಳದು ನಾಲ್ಕು ವರ್ಷಕ್ಕೂ ಹೆಚ್ಚು ಕಮ್ಮಿ. ಬಡತನವನ್ನು ಲೆಕ್ಕದಲ್ಲಿ ಕಳೆದರೂ ಅಂತರ ಪೂರ್ತಿ ಅಳಿಯುವುದಿಲ್ಲ. ಜಾತಿ ಆಯಸ್ಸನ್ನೂ ತಿನ್ನುತ್ತದೆ. ಮೊದಲೇ ಸಾಯುವವರಿಗೆ ಎಪ್ಪತ್ತರ ಗೆರೆ ಎಳೆದು "ಬನ್ನಿ, ಎಲ್ಲರೂ ಸಮಾನರು" ಎನ್ನುವುದು ಎಂಥ ಸಮಾನತೆ? ಬಾವಿ ಎಲ್ಲರದೂ, ಹಗ್ಗ ಮಾತ್ರ ನಿಮ್ಮದು ಅಂದ ಹಾಗೆ.

ಮುಪ್ಪಿನಲ್ಲೂ ಎರಡು ಕೇರಿಗಳಿವೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಎಷ್ಟು ಇಡಬಹುದು ಎಂಬ ಮಿತಿಯನ್ನು 2023ರಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದರು. ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಗೆ ಕೇಂದ್ರ ಕೊಡುವ ಪಾಲು 2007ರಲ್ಲಿ ತಿಂಗಳಿಗೆ 200 ರೂಪಾಯಿ ಇತ್ತು. 80 ತುಂಬದವರಿಗೆ ಇವತ್ತೂ 200 ರೂಪಾಯಿ. ಇಡಲು ಇರುವವನ ಮಿತಿ ಒಂದೇ ಬಜೆಟ್ಟಿನಲ್ಲಿ ಇಮ್ಮಡಿ. ಇಲ್ಲದವಳ ಇನ್ನೂರು ಕಲ್ಲಿನಂತೆ ಕೂತಿದೆ.

ಕೆಲವು ಬುದ್ಧಿವಂತರು ಕೇಳುತ್ತಾರೆ: ಇರುವುದು ಒಂದೇ ಹಾಸಿಗೆಯಾದರೆ ಹರೆಯದವನಿಗೆ ಕೊಡುವುದು ನ್ಯಾಯ ಅಲ್ಲವಾ? ನಾನು ಕೇಳುತ್ತೇನೆ: ಹಾಸಿಗೆಯನ್ನು ಒಂದು ಮಾಡಿದವರು ಯಾರು? ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಭೋರ್ ಸಮಿತಿ 1946ರಲ್ಲೇ ಹೇಳಿತು. 2025ರ ಹೊತ್ತಿಗೆ ದೇಶದ ಉತ್ಪನ್ನದ ನೂರಕ್ಕೆ ಎರಡೂವರೆಯಷ್ಟನ್ನು ಸರ್ಕಾರಗಳು ಆರೋಗ್ಯಕ್ಕೆ ಖರ್ಚು ಮಾಡಬೇಕು ಎಂದು 2017ರ ಆರೋಗ್ಯ ನೀತಿ ಹೇಳಿತು. 2025 ಬಂತು, ಗುರಿ ಮುಟ್ಟಲಿಲ್ಲ. ಹಾಸಿಗೆ ಕೊಡದೆ, ಅಜ್ಜಿ ಮೊಮ್ಮಗ ಇಬ್ಬರನ್ನೂ ಒಂದೇ ಹಾಸಿಗೆಗೆ ಜಗಳಕ್ಕೆ ಬಿಟ್ಟು ನೋಡುವವರ ನ್ಯಾಯ ನಮಗೆ ಬೇಡ.

ಇನ್ನು ಕೆಲವರು, ನಮ್ಮವರೇ, ಕೇಳುತ್ತಾರೆ: ಹಾಗಾದರೆ ದಲಿತರು ದುಡ್ಡು ಕೂಡಿಡಬಾರದಾ? ಕೂಡಿಡಬೇಕು. ಶೂದ್ರ ಐಶ್ವರ್ಯ ಕೂಡಿಡಬಾರದು ಎಂದದ್ದು ಮನು. ನಾನು ಮನುವಿನ ವಕೀಲನಲ್ಲ. ಬಾಬಾಸಾಹೇಬರು 1923ರಲ್ಲೇ ರೂಪಾಯಿಯ ಸಮಸ್ಯೆಯ ಮೇಲೆ ಗ್ರಂಥ ಬರೆದವರು. ಅವರು ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದ ಕಾಲದಲ್ಲೇ, 1944ರಲ್ಲಿ, ಕಾರ್ಮಿಕರ ಆರೋಗ್ಯ ವಿಮೆಯ ಅದಾರ್ಕರ್ ವರದಿ ಬಂತು. ಅದರಿಂದ 1948ರ ಇಎಸ್‌ಐ ಕಾಯ್ದೆ ಹುಟ್ಟಿತು. ಕಾರ್ಖಾನೆಯವನಿಗೆ ಅದು ಸಿಕ್ಕಿತು. ಗದ್ದೆಯ ಕೂಲಿಯವಳಿಗೆ ಇವತ್ತಿಗೂ ಇಲ್ಲ. ಆ ಕಡೆ ಒಂದು ಹೆಜ್ಜೆ ಮುಂದೆ ಹೋಗಬೇಕಿದ್ದ ನಾವು, ಮೊಬೈಲಿನಲ್ಲಿ ಷೇರಿನ ಗೆರೆ ಏರುವುದನ್ನು ನೋಡುತ್ತಾ ಕೂತಿದ್ದೇವೆ.

ಮೇಷ್ಟ್ರುಗಳೇ, ನಿಮಗೂ ಒಂದು ಮಾತು. 2006ರ ಏಪ್ರಿಲ್ ನಂತರ ಕೆಲಸಕ್ಕೆ ಸೇರಿದ ನಿಮ್ಮ ಸಂಬಳದಲ್ಲಿ ತಿಂಗಳು ತಿಂಗಳು ಎನ್‌ಪಿಎಸ್ ಎಂದು ಹಣ ಹಿಡಿಯುತ್ತಾರೆ. ಅದರಲ್ಲಿ ಒಂದು ಪಾಲು ಷೇರುಪೇಟೆಗೆ ಹೋಗುತ್ತದೆ. ಆ ಪೇಟೆಯಲ್ಲಿ ಆಸ್ಪತ್ರೆ ಕಂಪನಿಗಳೂ ಕೂತಿವೆ. ನಿಮ್ಮನ್ನು ಕೇಳಲಿಲ್ಲ, ನಿಮಗೆ ಹೇಳಲಿಲ್ಲ. ನಿಮ್ಮ ತಾಯಿಯನ್ನು ವಾಪಸ್ ಕಳಿಸುವ ಆಸ್ಪತ್ರೆಯ ಲಾಭದ ಮೇಲೇ ನಿಮ್ಮ ಮುಪ್ಪಿನ ಅನ್ನ ನಿಲ್ಲುವ ಹಾಗೆ ಈ ವ್ಯವಸ್ಥೆ ಗಂಟು ಹಾಕಿದೆ. ನಿಶ್ಚಿತ ಪಿಂಚಣಿಗಾಗಿ ನೀವು ಬೀದಿಗೆ ಬಂದಾಗ ಕೂಲಿಯವಳ 200 ರೂಪಾಯಿಯನ್ನೂ ನಿಮ್ಮ ಫಲಕದ ಮೇಲೆ ಬರೆಯಿರಿ. ಆಗ ನಾವೂ ನಿಮ್ಮ ಜತೆ ನಡೆಯುತ್ತೇವೆ.

ಏನು ಮಾಡಬೇಕು? ದೊಡ್ಡ ಕ್ರಾಂತಿಗೆ ಕಾಯುವ ಮುಂಚೆ ಸಣ್ಣದೊಂದು ಕೆಲಸ. ಹಿರಿಯ ನಾಗರಿಕರಿಗೆ ಆದಷ್ಟೂ ಹಾಸಿಗೆ ಕೊಡಬೇಕು, ಅವರಿಗೆ ಬೇರೆ ಸಾಲು ಇರಬೇಕು ಎಂದು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಸರ್ಕಾರಿ ಆಸ್ಪತ್ರೆಗಳಿಗೆ ಹೇಳುತ್ತದೆ. 2010ರಲ್ಲಿ ಶುರುವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮ ಜಿಲ್ಲಾಸ್ಪತ್ರೆಯಲ್ಲಿ ಮುದುಕರಿಗೆಂದೇ 10 ಹಾಸಿಗೆಯ ವಾರ್ಡು ಎನ್ನುತ್ತದೆ. ವಿದ್ಯಾರ್ಥಿ ಗೆಳೆಯರೇ, ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಆ ಹತ್ತು ಹಾಸಿಗೆ ಎಲ್ಲಿವೆ? ಅವುಗಳ ಮೇಲೆ ಯಾರು ಮಲಗಿದ್ದಾರೆ? "ವಯಸ್ಸಾಗಿದೆ" ಎಂದು ವಾಪಸ್ ಕಳಿಸುವ ಡಾಕ್ಟರನ್ನು, ಸರ್ಕಾರಿ ಇರಲಿ ಖಾಸಗಿ ಇರಲಿ, ಕಾರಣ ಬರೆದು ಸಹಿ ಹಾಕಿಕೊಡಿ ಅನ್ನಿ. ಬಾಯಲ್ಲಿ ಹೇಳುವುದನ್ನು ಬರೆಯಲು ಅವರ ಕೈ ನಡುಗುತ್ತದೆ. ನಾನು ಅವತ್ತು ಕೇಳಲಿಲ್ಲ. ಪದವಿ ಇತ್ತು, ಪದ್ಯ ಇತ್ತು, ಬಾಯಿ ಬರಲಿಲ್ಲ. ತಲೆ ಬಗ್ಗಿಸಿ ಆಟೋ ಹಿಡಿದೆ.

ಮನೆಗೆ ಕರಕೊಂಡು ಬಂದ ನಲವತ್ತೊಂದನೆಯ ದಿನ ಅಜ್ಜಿ ಹೋದಳು. ಬೆನ್ನು ಪೂರ್ತಿ ಹುಣ್ಣಾಗಿತ್ತು. ಸಾಯುವ ಎರಡು ದಿನ ಮುಂಚೆ ದಿಂಬಿನ ಕೆಳಗಿಂದ ಒಂದು ಬಟ್ಟೆಯ ಗಂಟು ತೆಗೆಸಿದಳು. "ಮಣ್ಣಿಗೆ ಅಂತ ಮಡಗಿದ್ದೆ ಕಣ್ಲಾ ಮಗ. ನಿಮ್ಗೆ ಸಾಲ ಆಗ್ಬಾರ್ದು" ಅಂದಳು. ಬಿಚ್ಚಿ ಎಣಿಸಿದೆ. ಮೂರು ಸಾವಿರದ ನಾನೂರು ರೂಪಾಯಿ. ಅದರಲ್ಲಿ ಎರಡು ಐನೂರರ ನೋಟು ಹಳೆಯವು, 2016ರಲ್ಲಿ ಸತ್ತವು.

ಬದುಕಿರುವಷ್ಟು ದಿನ ದುಡಿದು, ಸಾವಿಗೆಂದು ಕೂಡಿಟ್ಟ ಆ ದುಡ್ಡನ್ನೂ ಬಿಡಲಿಲ್ಲವಲ್ಲ ಇವರು. ಹೂಡಿಕೆಗೆ ಒಳ್ಳೆಯ ಅವಕಾಶ ಎಲ್ಲಿದೆ ಎಂದು ಆ ಟೈ ಕಟ್ಟಿದ ಯುವಕ ಮತ್ತೆ ಬಂದರೆ ಈ ಸಲ ನಾನು ಬರೆದುಕೊಳ್ಳುವುದಿಲ್ಲ. ಎದ್ದು ನಿಂತು ಕೇಳುತ್ತೇನೆ: ನಮ್ಮಜ್ಜಿ ಐವತ್ತು ವರ್ಷ ನಿಮ್ಮ ಅನ್ನದ ತಟ್ಟೆಗೆ ಹೂಡಿದ್ದಳಲ್ಲ, ಅದರ ಲಾಭ ಎಲ್ಲಿ? ನೀವೂ ನಿಮ್ಮ ನಿಮ್ಮ ಊರಲ್ಲಿ ಎದ್ದು ನಿಂತು ಕೇಳಿ.