ಉದ್ದ ರಜೆಯ ಕುಣಿತ, ಅಟ್ಟಣೆಯ ಕಾವಲು

2025ರ ಆಯುಧಪೂಜೆ ಬುಧವಾರ ಬಿತ್ತು. ಮರುದಿನ, ಅಕ್ಟೋಬರ್ 2ರ ಗುರುವಾರ, ವಿಜಯದಶಮಿಯೂ ಗಾಂಧಿ ಜಯಂತಿಯೂ ಒಟ್ಟಿಗೆ. ಶುಕ್ರವಾರ ಒಂದು ದಿನ ರಜೆ ಹಾಕಿದರೆ ಬೆಂಗಳೂರಿನ ಕಂಪನಿ ನೌಕರನಿಗೆ ಐದು ದಿನ ಬಿಡುವು. ಆ ಬುಧವಾರ ಮಧ್ಯಾಹ್ನದಿಂದಲೇ ಗುಂಡ್ಲುಪೇಟೆಯಲ್ಲಿ ಕಾರುಗಳ ಸಾಲು ನಿಂತಿತ್ತು. ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ. ಅದಕ್ಕೆ ಮೊದಲು ಮೇಲುಕಾಮನಹಳ್ಳಿ ಗೇಟು ದಾಟಬೇಕೆಂಬ ಆತುರ ಎಲ್ಲರಿಗೂ. ಗಾಂಧಿ ಜಯಂತಿಯಂದು ಎರಡೂ ರಾಜ್ಯಗಳಲ್ಲಿ ಮದ್ಯದಂಗಡಿ ಮುಚ್ಚಿರುತ್ತವಲ್ಲ, ಆ ಸಂತೆಯನ್ನೂ ಜನ ಬುಧವಾರವೇ ಮುಗಿಸಿಕೊಂಡಿದ್ದರು.

ನಾನು ಅದೇ ದಾರಿಯಲ್ಲಿ ತೆಪ್ಪಕಾಡಿಗೆ ಹೋಗಿ, ಅಲ್ಲಿಂದ ಎಡಕ್ಕೆ ತಿರುಗಿ ಮಸಿನಗುಡಿ ಕಡೆ ಹೋದೆ. ತಂಗಿಯ ಮನೆ ಅಲ್ಲೇ ಸಮೀಪ. ಹಬ್ಬದೂಟ ಮುಗಿಸಿ ರಾತ್ರಿ ಭಾವನ ಜೊತೆ ಹೊಲದ ಅಟ್ಟಣೆ ಹತ್ತಿದೆ. ರಾಗಿ ತೆನೆ ಕಟ್ಟುತ್ತಿದ್ದ ಹೊತ್ತು, ಕಾವಲು ತಪ್ಪಿಸುವಂತಿರಲಿಲ್ಲ. ಹತ್ತು ಗಂಟೆ ದಾಟಿದ ಮೇಲೆ ದೂರದ ಒಂದು ಹೋಂ ಸ್ಟೇಯಿಂದ ದಬ್ ದಬ್ ದಬ್ ಎಂದು ಶುರುವಾಯಿತು. ಹಾಡಿನ ಮಾತಾಗಲಿ ರಾಗವಾಗಲಿ ಕೇಳುತ್ತಿರಲಿಲ್ಲ. ಎದೆಗೆ ಗುದ್ದಿದ ಹಾಗೆ ಬರೀ ಆ ಪೆಟ್ಟು. ಅದು ನಿಂತಾಗ ಎರಡು ಗಂಟೆ ಕಳೆದಿತ್ತು.

ಭಾವ ಅಂದ ಮಾತು ಇದು: "ಭಾವ, ಕಾವಲು ಅಂದ್ರೆ ಕಣ್ಣಿಂದಲ್ಲ, ಕಿವಿಯಿಂದ ಕಾಯೋದು. ಬಿದಿರು ಮುರಿದ್ರೆ, ಬೇಲಿ ತಂತಿ ಎಳೆದ್ರೆ, ಹೊಟ್ಟೆ ಗುಡುಗುಟ್ಟಿದ್ರೆ ಕತ್ತಲಲ್ಲೂ ಗೊತ್ತಾಗ್ತದೆ. ಈ ಸದ್ದಲ್ಲಿ ಆನೆ ಅಟ್ಟಣೆ ಕೆಳಗೆ ಬಂದು ನಿಂತ್ರೂ ಗೊತ್ತಾಗಲ್ಲ. ಬೆಳೆ ಹೋದ್ರೆ ಮುಂದಿನ್ ವರ್ಷ ಬೆಳ್ಕೋಬೋದು. ಜೀವ ಹೋದ್ರೆ?"

ಈ ಲೇಖನ ಬರೆಯಲು ಕಾರಣ ಆ ಮಾತು. ಇಂಥ ಕುಣಿತದ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಯೆಲ್ಲ 'ಸಂಸ್ಕೃತಿ ಕೆಟ್ಟಿತು', 'ಹುಡುಗರು ಹಾಳಾದರು' ಎಂಬಲ್ಲಿಗೇ ನಿಂತುಬಿಡುತ್ತದೆ. ಅದು ನನ್ನ ತಕರಾರಲ್ಲ. ದುಡಿದವರು ರಜೆಯಲ್ಲಿ ಕುಣಿಯಲಿ. ಎಲ್ಲಿ, ಎಷ್ಟು ಹೊತ್ತಿಗೆ ಎಂಬುದಷ್ಟೇ ಪ್ರಶ್ನೆ.

ಈ ಸಂಗೀತ ಹುಟ್ಟಿದ ಜಾಗವನ್ನೇ ನೋಡಿ. ಹೌಸ್ ಮತ್ತು ಟೆಕ್ನೊ ಎರಡೂ 1980ರ ದಶಕದ ಅಮೆರಿಕದವು. ಹೌಸ್ ಶಿಕಾಗೊ ನಗರದ್ದು, ಟೆಕ್ನೊ ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನದು. ಎರಡನ್ನೂ ಕಟ್ಟಿದವರು ಹೆಚ್ಚಾಗಿ ಕರಿಯ ಯುವಕರು. ಶಿಕಾಗೊದ 'ವೇರ್‌ಹೌಸ್' ಎಂಬ ಕ್ಲಬ್ಬಿನಿಂದಲೇ ಹೌಸ್ ಎಂಬ ಹೆಸರು ಬಂತೆನ್ನುತ್ತಾರೆ. ಮುಂದೆ ಬರ್ಲಿನ್ನಿನಲ್ಲಿ ಇದು ಬೆಳೆದದ್ದೂ ಪಾಳುಬಿದ್ದ ಕಾರ್ಖಾನೆ, ನೆಲಮಾಳಿಗೆಗಳಲ್ಲಿ. ನಿಮಿಷಕ್ಕೆ 120-130 ಪೆಟ್ಟು, ಪ್ರತಿ ಪೆಟ್ಟಿಗೂ ಡ್ರಮ್ಮಿನ ಒಂದು ಗುದ್ದು. ಅಂದರೆ ನಾಲ್ಕು ಗೋಡೆಯೊಳಗೆ ಬಾಗಿಲು ಹಾಕಿಕೊಂಡು ಕುಣಿಯಲೆಂದೇ ಹುಟ್ಟಿದ ಸಂಗೀತ. ಜರ್ಮನಿ 2024ರಲ್ಲಿ ಬರ್ಲಿನ್ನಿನ ಟೆಕ್ನೊವನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಬರ್ಲಿನ್ 2018ರಲ್ಲಿ ಕ್ಲಬ್ಬುಗಳ ಸದ್ದು ನೆರೆಮನೆಗೆ ಹೋಗದಂತೆ ಗೋಡೆ ಭದ್ರ ಮಾಡಲು 10 ಲಕ್ಷ ಯೂರೊ ನಿಧಿಯನ್ನೂ ತೆಗೆದಿರಿಸಿತು. ನಮ್ಮಲ್ಲಿ ಸೀಗೂರು ಬಯಲಿಗೆ ಬಂದಿರುವುದು ಸ್ಪೀಕರು ಮಾತ್ರ, ಗೋಡೆ ಬಂದಿಲ್ಲ.

ಬಯಲಿನಲ್ಲಿ ಸದ್ದು ಎಷ್ಟು ದೂರ ಹೋಗುತ್ತದೆಂಬುದಕ್ಕೆ ಸರಳ ಲೆಕ್ಕ ಉಂಟು. ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ತಗ್ಗುತ್ತದೆ. 10 ಮೀಟರಿನಲ್ಲಿ 100 ಇದ್ದರೆ 160 ಮೀಟರಿನಲ್ಲಿ 76, 1,280 ಮೀಟರಿನಲ್ಲಿ 58. ಮರಗಿಡ, ದಿಬ್ಬ ಅಡ್ಡ ಬಂದರೆ ಇನ್ನಷ್ಟು ತಗ್ಗೀತು. ಆದರೆ ಮೇಲಿನ ಸ್ವರಗಳನ್ನು ತಡೆದಷ್ಟು ಸುಲಭವಾಗಿ ಎಲೆ, ಬೇಲಿಗಳು ಈ ಕೆಳಗಿನ ಗುದ್ದನ್ನು ತಡೆಯಲಾರವು. ರಾಗ ಕೇಳದೆ ದಬ್ ದಬ್ ಮಾತ್ರ ನಮ್ಮ ಅಟ್ಟಣೆಗೆ ಬಂದದ್ದು ಇದೇ ಕಾರಣಕ್ಕೆ.

ಕಾನೂನು ಏನನ್ನುತ್ತದೆ? ಶಬ್ದಮಾಲಿನ್ಯ ನಿಯಮಗಳು 2000ದಿಂದಲೇ ಇವೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಸಭಾಂಗಣದಂಥ ಮುಚ್ಚಿದ ಕಟ್ಟಡದ ಒಳಗಿನ ಬಳಕೆಗೆ ಮಾತ್ರ ವಿನಾಯಿತಿ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬೆಲ್. ಖಾಸಗಿ ಜಾಗದ ಗಡಿಯಲ್ಲಿ ಅದಕ್ಕಿಂತ 5 ಮಾತ್ರ ಹೆಚ್ಚಿರಬಹುದು, ಅಂದರೆ 50. ಇಲ್ಲೊಂದು ಸೂಕ್ಷ್ಮ ಉಂಟು, ರೈತರು ತಿಳಿದಿರಬೇಕು. ಅಳೆಯುವ ಮೀಟರನ್ನು ಮನುಷ್ಯನ ಕಿವಿಯ ಹದಕ್ಕೆ ಹೊಂದಿಸಿರುತ್ತಾರೆ. ಹಾಗಾಗಿ 50 ಹರ್ಟ್ಸಿನ ಗುದ್ದನ್ನು ಅದು ಸುಮಾರು 30 ಡೆಸಿಬೆಲ್ ಕಡಿಮೆ ಮಾಡಿ ತೋರಿಸುತ್ತದೆ. ಎದೆ ನಡುಗುತ್ತಿದ್ದರೂ ಮೀಟರು 'ಪರವಾಗಿಲ್ಲ' ಅಂದೀತು. ಆದ್ದರಿಂದ ದೂರು ಕೊಡುವಾಗ ಡೆಸಿಬೆಲ್ ವಾದಕ್ಕೆ ಇಳಿಯಬೇಡಿ, ಗಂಟೆಯನ್ನು ಹಿಡಿದುಕೊಳ್ಳಿ. ಹತ್ತರ ಮೇಲೆ ಬಯಲಿನಲ್ಲಿ ಸ್ಪೀಕರು ಇತ್ತೇ ಇಲ್ಲವೇ ಎನ್ನಲು ಗಡಿಯಾರ ಸಾಕು.

ಇನ್ನು ಆನೆಯ ವಿಚಾರ. ಕೇಟಿ ಪೇಯ್ನ್ ಎಂಬ ಅಮೆರಿಕದ ವಿಜ್ಞಾನಿ 1984ರಲ್ಲಿ ಪೋರ್ಟ್‌ಲ್ಯಾಂಡ್ ಮೃಗಾಲಯದ ಏಷ್ಯಾದ ಆನೆಗಳ ಬಳಿ ನಿಂತಾಗ ಗಾಳಿಯಲ್ಲಿ ಒಂದು ಅದುರು ಅನುಭವಕ್ಕೆ ಬಂತು. ಅಳೆದು ನೋಡಿದರೆ, ನಮ್ಮ ಕಿವಿಗೆ ನಿಲುಕದ 14ರಿಂದ 24 ಹರ್ಟ್ಸಿನ ಆಸುಪಾಸಿನಲ್ಲಿ ಆನೆಗಳು ಮಾತಾಡಿಕೊಳ್ಳುತ್ತಿದ್ದವು. ಕಿಲೋಮೀಟರುಗಟ್ಟಲೆ ದೂರದಿಂದ ಒಂದನ್ನೊಂದು ಕರೆಯುವ ಪ್ರಾಣಿ ಅದು. ಸ್ಪೀಕರಿನ ಸದ್ದಿಗೆ ಹೆದರಿಯೇ ಆನೆ ಹೊಲಕ್ಕೆ ನುಗ್ಗುತ್ತದೆಂದು ನಾನು ಹೇಳುತ್ತಿಲ್ಲ. ಅದರ ದಾರಿಯಲ್ಲಿ ನಾವು ಕೂತಿದ್ದೇವೆ ಎನ್ನುವುದಂತೂ ಸುಳ್ಳಲ್ಲ. ಸೀಗೂರಿನ ಆನೆದಾರಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರ ಆಗಸ್ಟಿನಲ್ಲಿ 27 ರೆಸಾರ್ಟುಗಳಿಗೆ ಬೀಗ ಹಾಕಿಸಿತು. 2020ರ ಅಕ್ಟೋಬರ್ 14ರ ತೀರ್ಪಿನಲ್ಲಿ ಆನೆದಾರಿಯನ್ನು ಎತ್ತಿಹಿಡಿಯಿತು. ಅದಾಗಿ ಮೂರೇ ತಿಂಗಳಿಗೆ, 2021ರ ಜನವರಿಯಲ್ಲಿ, ಮಸಿನಗುಡಿಯ ಒಂದು ತಂಗುದಾಣದ ಬಳಿ ಬಂದ ಆನೆಯ ಮೇಲೆ ಉರಿಯುವ ವಸ್ತು ಎಸೆದರು. ಸುಟ್ಟ ಗಾಯಗಳಿಂದ ಅದು ಸತ್ತಿತು. ಆ ವಿಡಿಯೊ ನೋಡಿ ದೇಶವೇ ಮರುಗಿತ್ತು.

ವ್ಯಾಪಾರಿ ಮಿತ್ರರು ಇಲ್ಲಿ ನನ್ನನ್ನು ತಡೆಯುತ್ತಾರೆ. ಮಸಿನಗುಡಿಯ ಕೋಳಿ ಅಂಗಡಿಯವರೊಬ್ಬರು ಅಂದರು: "ಸಾರ್, ಹದಿನೈದು ದಿನದ ವ್ಯಾಪಾರ ಮೂರು ದಿನಕ್ಕೆ ಆಗ್ತದೆ. ಇದನ್ನೂ ನಿಲ್ಸಿದ್ರೆ ನಾವೇನ್ ಮಾಡೋಣ?" ನ್ಯಾಯವಾದ ಮಾತೇ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಇ-ಪಾಸ್ ಬಂತು. 2025ರ ಬೇಸಿಗೆಯಲ್ಲಿ ವಾರದ ದಿನ 6 ಸಾವಿರ, ವಾರಾಂತ್ಯಕ್ಕೆ 8 ಸಾವಿರ ವಾಹನದ ಮಿತಿಯೂ ಬಂತು. ಸೊಪ್ಪು ತರಕಾರಿ ಗಾಡಿಗೆ ಅಡ್ಡಿಯಿರಲಿಲ್ಲ ನಿಜ, ಆದರೆ ತಿನ್ನುವ ಗಿರಾಕಿಯೇ ಕಡಿಮೆಯಾದರೆ ಗುಂಡ್ಲುಪೇಟೆಯ ಟೊಮೆಟೊಗೂ ಬಿಸಿ ತಟ್ಟುತ್ತದೆ. ಈ ಕಡೆ ಬೆಳೆದು ಆ ಕಡೆ ಮಾರುವ ನಮಗೆ ಇದು ಗೊತ್ತಿಲ್ಲದ್ದಲ್ಲ.

ಆದರೂ ಅವರನ್ನು ಒಂದು ಮಾತು ಕೇಳಿದೆ: ರಾತ್ರಿ ಹತ್ತರಿಂದ ಎರಡರವರೆಗೆ ನಿಮ್ಮ ಅಂಗಡಿಯಲ್ಲಿ ಏನು ಮಾರಾಟವಾಗುತ್ತದೆ? ಸ್ವಲ್ಪ ಯೋಚಿಸಿ, "ಏನೂ ಇಲ್ಲ. ಕೋಳಿ, ಮೊಟ್ಟೆ, ಹಾಲು ಎಲ್ಲಾ ಸಂಜೆ ಆರರೊಳಗೇ ಹೋಗಿರ್ತದೆ" ಎಂದರು. ಅಂದರೆ ಹತ್ತಕ್ಕೆ ಸ್ಪೀಕರು ನಿಂತರೆ ಊರಿನವನಿಗೆ ನಷ್ಟ ಕಡಿಮೆ. ಆ ನಾಲ್ಕು ಗಂಟೆಯ ಲಾಭ ಪಾರ್ಟಿ ಏರ್ಪಡಿಸಿದವನದು, ಅದರ ಅಪಾಯ ಅಟ್ಟಣೆಯ ಮೇಲಿರುವವನದು. ರೈತ ಮತ್ತು ವ್ಯಾಪಾರಿ ಈ ವಿಷಯದಲ್ಲಿ ಎದುರಾಳಿಗಳಲ್ಲ, ಹಾಗೆಂದು ಬಿಂಬಿಸುವವರು ಬೇರೆ.

'ನಮ್ಮ ಮಾರಿಹಬ್ಬದ ತಮಟೆ, ಮೈಕು?' ಎಂದು ಕೇಳುವವರೂ ಇದ್ದಾರೆ. ಕೇಳಬೇಕಾದ್ದೇ. ಬೊಕ್ಕಾಪುರದ ಮಾರಿಯಮ್ಮನ ಜಾತ್ರೆ ವರ್ಷಕ್ಕೊಮ್ಮೆ. ದಿನ ಎಲ್ಲರಿಗೂ ಮೊದಲೇ ಗೊತ್ತು, ಊರೇ ಎಚ್ಚರ ಇರುತ್ತದೆ. ಸರ್ಕಾರ ಇಂಥ ಸಂದರ್ಭಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದೆಂದು ನಿಯಮವೇ ಹೇಳುತ್ತದೆ. ಅದನ್ನು ಮೀರಿದರೆ ದೇವಸ್ಥಾನದ ಮೈಕೂ ತಪ್ಪೇ.

ಈ ಕಡೆಯ ನಮಗೂ ಇದರಲ್ಲಿ ಪಾಠವಿದೆ. ಮಸಿನಗುಡಿಯಲ್ಲಿ ಬಿಗಿ ಮಾಡಿದರೆ ಕುಣಿತ ಗೇಟು ದಾಟಿ ನಮ್ಮ ಮಂಗಲದ ಕಡೆಗೋ, ಬಂಡೀಪುರದಂಚಿನ ಇನ್ನೊಂದು ಊರಿಗೋ ಬರುವುದು ದೊಡ್ಡ ಮಾತಲ್ಲ. ಬಂಡೀಪುರದ ಸುತ್ತ 2012ರಿಂದಲೇ ಪರಿಸರ ಸೂಕ್ಷ್ಮ ವಲಯವಿದೆ. ಆದರೆ ಕಾಗದದ ಮೇಲಿನ ವಲಯ ರಾತ್ರಿ ಹನ್ನೆರಡಕ್ಕೆ ಎದ್ದು ಬಂದು ಸ್ಪೀಕರು ಆರಿಸುವುದಿಲ್ಲ. ಎರಡೂ ಕಡೆಯ ಪಂಚಾಯಿತಿಗಳು ಮುಂದಿನ ಉದ್ದ ರಜೆಗೆ ಮೊದಲೇ ಹೋಂ ಸ್ಟೇ ಮಾಲೀಕರನ್ನು ಕೂರಿಸಿ ಹತ್ತು ಗಂಟೆಯ ಕರಾರು ಮಾಡಿಸಿಕೊಳ್ಳಲಿ. ಬೆಳಗಿನವರೆಗೆ ಕುಣಿಯಲೇಬೇಕೆನ್ನುವವರಿಗೆ ಊಟಿ ಪೇಟೆಯಲ್ಲೋ ಮೈಸೂರಿನಲ್ಲೋ ಭದ್ರ ಗೋಡೆಯ ಸಭಾಂಗಣ ಇರಲಿ.

ಆ ರಾತ್ರಿ ಸದ್ದು ನಿಂತ ಮೇಲೆ ನಾವಿಬ್ಬರೂ ಸುಮಾರು ಹೊತ್ತು ಮಾತಾಡಲಿಲ್ಲ. ಮೊದಲು ಜೀರುಂಡೆ ಕೇಳಿಸಿತು, ಆಮೇಲೆ ಹಳ್ಳದ ನೀರು. ಭಾವ ಟಾರ್ಚು ಹಾಕಿ ಬೇಲಿ ನೋಡಿದ. ಕೆಳಗಿನ ಮೂಲೆಯಲ್ಲಿ ರಾಗಿ ಆಗಲೇ ತುಳಿದಾಗಿತ್ತು. ಅದು ಯಾವಾಗ ಬಂತು, ಯಾವಾಗ ಹೋಯಿತು, ನಮ್ಮಿಬ್ಬರಿಗೂ ತಿಳಿಯಲಿಲ್ಲ.