‘ಏನ್ ಯೂಸು?’ ಅನ್ನೋರಿಗೆ

ಹಿತ್ತಾಳೆ ತಗಡಿನಿಂದ ಉಗಿ ಇಂಜಿನ್ನಿನ ಮಾದರಿ ಕಟ್ಟೋ ಹವ್ಯಾಸ ಅಂದ ತಕ್ಷಣ ಮೂರು ಪ್ರಶ್ನೆ ಬರುತ್ತವೆ. ಏನ್ ಯೂಸು? ಮಾರಿದ್ರೆ ಎಷ್ಟು ಬರುತ್ತೆ? ತ್ರೀಡಿ ಪ್ರಿಂಟ್ ಹೊಡೆದ್ರೆ ಆಗಲ್ವಾ? ಕೇಳೋರೆಲ್ಲ ಓದಿದವರು, ಬಹುಪಾಲು ಇಂಜಿನಿಯರುಗಳು. ನನ್ನ ತಕರಾರು ಇರೋದೇ ಅಲ್ಲಿ.

ಈ ಕಿಟ್ ಅಂದರೆ ಪ್ಲಾಸ್ಟಿಕ್ ತುಂಡುಗಳನ್ನು ಪಟಪಟ ಜೋಡಿಸೋದಲ್ಲ. ಅರ್ಧ ಮಿಲಿಮೀಟರಿಗಿಂತ ತೆಳುವಾದ ಹಿತ್ತಾಳೆ ಹಾಳೆಗೆ ಬೆಳಕು ತಾಗಿದರೆ ಬದಲಾಗುವ ಲೇಪ ಹಚ್ಚಿ, ನಕ್ಷೆಯ ಫಿಲ್ಮ್ ಇಟ್ಟು ಯುವಿ ಬೆಳಕು ಬಿಡುತ್ತಾರೆ. ಆಮೇಲೆ ಫೆರಿಕ್ ಕ್ಲೋರೈಡ್. ಲೇಪ ಉಳಿಯದ ಕಡೆ ಲೋಹ ಕರಗುತ್ತೆ. ಎರಡೂ ಬದಿಯಿಂದ ಕರಗಿದರೆ ತೂತು, ಒಂದೇ ಬದಿಯಿಂದ ಅರ್ಧ ಕರಗಿದರೆ ಮಡಿಸೋ ಗೆರೆ. ನಿಮ್ಮ ಕೈಗೆ ಸಿಗೋದು ಬರೀ ಚಪ್ಪಟೆ ಹಾಳೆ. ಅದರಿಂದ ತುಂಡು ಬಿಡಿಸಿ, ಅಂಚು ಉಜ್ಜಿ, ಮಡಿಸಿ, ಬೆಸುಗೆ ಹಾಕಬೇಕು. ರಿವೆಟ್ಟುಗಳನ್ನು ಹಿಂದಿನಿಂದ ಮೊನೆಯಲ್ಲಿ ಒತ್ತಿ ಒಂದೊಂದಾಗಿ ಎಬ್ಬಿಸಬೇಕು. ಎರಡನೇ ಬೆಸುಗೆ ಹಾಕುವಾಗ ಮೊದಲನೆಯದು ಬಿಡದ ಹಾಗೆ ಶಾಖದ ಲೆಕ್ಕ ಇಡಬೇಕು. ಕೊನೆಯಲ್ಲಿ ಕೂರಿಸೋ ಸಣ್ಣ ಎರಕದ ಭಾಗಗಳಿಗೆ ಸುಮಾರು 70 ಡಿಗ್ರಿಗೇ ಕರಗೋ ಬೆಸುಗೆಯೇ ಬೇಕು.

ಚಕ್ರಗಳ ಕೆಲಸ ಇನ್ನೂ ಕಠಿಣ. ಆಕ್ಸಲ್‌ಗಳ ನಡುವಿನ ಅಂತರಕ್ಕೂ ಅವನ್ನು ಜೋಡಿಸೋ ರಾಡಿನ ತೂತುಗಳ ಅಂತರಕ್ಕೂ ಕೂದಲೆಳೆ ವ್ಯತ್ಯಾಸ ಬಂದರೆ ಸುತ್ತು ಸುತ್ತಿಗೂ ಗಾಡಿ ಹಿಡಿಯುತ್ತೆ. ಎಡಗಡೆಯ ಕ್ರ್ಯಾಂಕಿಗೂ ಬಲಗಡೆಯದಕ್ಕೂ 90 ಡಿಗ್ರಿ ಕೋನ, ಎಲ್ಲ ಆಕ್ಸಲ್ಲಿಗೂ ಒಂದೇ ಥರ. ನಿಜವಾದ ಇಂಜಿನ್ನಿನಲ್ಲಿ ಒಂದು ಪಿಸ್ಟನ್ ತುದಿಯಲ್ಲಿ ನಿಂತಾಗ ಇನ್ನೊಂದು ತಳ್ಳಲಿ ಅಂತ ಮಾಡಿರೋ ಏರ್ಪಾಡು ಇದು. ಸ್ಟ್ಯಾಂಡಪ್ ಮೀಟಿಂಗಿನಲ್ಲಿ ‘ನೈಂಟಿ ಪರ್ಸೆಂಟ್ ಡನ್’ ಅಂತ ಹೇಳಿ ಪಾರಾಗಬಹುದು. ಚಾಸಿಗೆ ಹಾಗೆ ಹೇಳೋಕಾಗಲ್ಲ. ಬೆರಳಲ್ಲಿ ತಳ್ಳಿದರೆ ಉರುಳಬೇಕು, ಅಷ್ಟೇ.

ತ್ರೀಡಿ ಪ್ರಿಂಟರ್ ಬೇಡ ಅಂತಲ್ಲ. ಚಿಮಣಿ, ಡೋಮ್ ಥರದ ದುಂಡು ಭಾಗಕ್ಕೆ ಅದು ಒಳ್ಳೇದೇ. ಆದರೆ ಕ್ಯಾಬಿನ ಗೋಡೆ ತಗಡಿನಷ್ಟು ತೆಳ್ಳಗೆ, ನೇರವಾಗಿ, ಗಟ್ಟಿಯಾಗಿ ನಿಲ್ಲಬೇಕು ಅಂದರೆ ತಗಡೇ ಬೇಕು. ಜೊತೆಗೆ ಹಿತ್ತಾಳೆಗೆ ತೂಕ ಇದೆ. ತೂಕ ಇದ್ದರೆ ತಾನೆ ಇಂಜಿನ್ ಬೋಗಿ ಎಳೆಯೋದು?

ಈಗ ನಮ್ಮ ಏರಿಯಾಕ್ಕೆ ಬನ್ನಿ. ಪೀಣ್ಯದಲ್ಲಿ ಪಿಸಿಬಿ ಮಾಡೋ ಘಟಕಗಳಿವೆ. ಅದೂ ಫೋಟೊ, ಲೇಪ, ಎಚಿಂಗ್ ಕೆಲಸವೇ. ಕಾಮಾಕ್ಷಿಪಾಳ್ಯದ, ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡುಗಳಲ್ಲಿ ಲೇತ್ ಇದೆ, ಮಿಲ್ಲಿಂಗ್ ಇದೆ. ವಿಜಯನಗರದ ಪ್ರತಿ ಮನೆಯಲ್ಲೂ ಕ್ಯಾಡ್ ಓಡೋ ಲ್ಯಾಪ್‌ಟಾಪ್ ಇದೆ. ಆದರೂ ಕಿಟ್ ಬೇಕು ಅಂದರೆ ಬ್ರಿಟನ್ನಿನ ಕಡೆ ನೋಡಬೇಕು, ಸಿಗೋದೂ ಅವರ ಊರಿನ ಇಂಜಿನ್ನೇ. 1876–78ರ ಭೀಕರ ಬರದ ನಂತರ, ಜನಕ್ಕೆ ಕೆಲಸ ಕೊಡೋಕೂ ಆಗುತ್ತೆ ಅಂತ ಹಾಕಿದ ಬೆಂಗಳೂರು–ಮೈಸೂರು ಮೀಟರ್ ಗೇಜ್ ಹಳಿ ನಮ್ಮ ಕೆಂಗೇರಿ ದಾಟಿಯೇ ಹೋಗಿದ್ದು. ಮೀಟರ್ ಗೇಜಿನ ಪ್ಯಾಸೆಂಜರ್ ಗಾಡಿಗೆ ಅಂತಲೇ ಬಂದ ವೈಪಿ ಇಂಜಿನ್ನುಗಳನ್ನು ಜೆಮ್‌ಶೆಡ್‌ಪುರದ ಟೆಲ್ಕೊದಲ್ಲಿ ಕಟ್ಟಿದರು. ಅದರ ಕಿಟ್ ನಾವಲ್ಲದೆ ಇನ್ಯಾರು ಮಾಡಬೇಕು? ಹಳಿಯ ಚಿಂತೆಯೂ ಇಲ್ಲ. 1:87 ಅಳತೆಯಲ್ಲಿ ಮೀಟರ್ ಗೇಜಿಗೆ 12 ಮಿಲಿಮೀಟರಿನ ಹಳಿ ಅಂತ ಸ್ವಿಸ್ ರೈಲುಗಳ ಹುಚ್ಚು ಇರೋರಿಗಾಗಿ ಆಗಲೇ ತಯಾರಾಗುತ್ತೆ.

‘ಇದು ದುಡ್ಡಿದ್ದೋರ ಶೋಕಿ’ ಅಂತೀರಾ? ಆಮದು ಮಾಡಿಕೊಂಡರೆ ಹೌದು. ಇಲ್ಲೇ ಮಾಡಬೇಕು ಅನ್ನೋದಕ್ಕೆ ಅದೇ ಕಾರಣ. ಒಂದೇ ಹಾಳೆಗೆ ಯಾವ ಶೆಡ್ಡಿನವರೂ ಫಿಲ್ಮ್ ಮಾಡಿಕೊಡಲ್ಲ. ಇಪ್ಪತ್ತು ಜನ ಸೇರಿದರೆ ಮಾತೇ ಬೇರೆ.

ಇಷ್ಟಕ್ಕೂ ಇಂಜಿನ್ ಒಂದು ನೆಪ. ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟು ಬಂತು, ಮಾಲ್ ಬಂತು. ಅದಕ್ಕೆ ಅಳೋದರಲ್ಲಿ ಅರ್ಥ ಇಲ್ಲ. ಆದರೆ ಅಪ್ಪ ಜೀವನಪೂರ್ತಿ ಮೈಕ್ರೋಮೀಟರ್ ಹಿಡಿದು ದುಡಿದ ಮನೆಯಲ್ಲಿ, ಮಗನಿಗೆ ಅದನ್ನು ಓದೋಕೆ ಬರಲ್ಲ ಅಂದರೆ ಅದು ನಷ್ಟ. ಆ ವಿದ್ಯೆ ಪುಸ್ತಕದಲ್ಲಿಲ್ಲ. ಈಗ ಅರವತ್ತು ದಾಟಿರೋ ಟರ್ನರುಗಳ, ಫಿಟ್ಟರುಗಳ ಬೆರಳಲ್ಲಿದೆ. ಅವರ ಪಕ್ಕ ಕೂತು ಕಲಿಯೋಕೆ ಯಾರಾದರೂ ಸಂಬಳ ಕೊಡ್ತಾರಾ? ಇಲ್ಲ. ಹವ್ಯಾಸ ಬೇಕಿರೋದು ಅಲ್ಲೇ. ಎಲ್ಲವನ್ನೂ ‘ಸೈಡ್ ಇನ್‌ಕಮ್’ ತಕ್ಕಡಿಯಲ್ಲಿಟ್ಟು ತೂಗೋರಿಗೆ ಈ ವಿದ್ಯೆ ದಕ್ಕಲ್ಲ.

ಮುಂದಿನ ಲಾಂಗ್ ವೀಕೆಂಡಿಗೆ ಚಿಕ್ಕಮಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಳ್ಳೋ ಬದಲು ಕೆಂಗೇರಿಯಲ್ಲಿ ಮೈಸೂರಿನ ರೈಲು ಹತ್ತಿ. 1979ರಿಂದ ಅಲ್ಲಿ ರೈಲು ಮ್ಯೂಸಿಯಂ ಇದೆ, ಹಳೇ ಇಂಜಿನ್ನುಗಳು ಬಯಲಲ್ಲೇ ನಿಂತಿವೆ. ಕೇಳಿಕೊಂಡು ಟೇಪ್ ಹಿಡಿದು ಅಳೆಯಿರಿ. ಫೋಟೊ ತೆಗೀರಿ, ಆದರೆ ಸೆಲ್ಫಿ ಅಲ್ಲ, ರಿವೆಟ್ಟಿನ ಸಾಲಿನದು. ವಾಪಸ್ ಬಂದು ನಕ್ಷೆ ಬರೆದು, ಪೀಣ್ಯದಲ್ಲಿ ಒಂದು ಬಾಗಿಲು ತಟ್ಟಿ.